ಅವಳ ಹೆಸರಿನ ಪೊಟ್ಟಣ

“ಇನ್ನ ಮ್ಯಾಲೆ ಇವನ್ನ ಕಳಸಬ್ಯಾಡ್ರಿ. ಆಕಿ ಹೋಗಿ ಮೂರು ತಿಂಗಳಾತು,” ಎಂದು ಬೈರಿದೇವರಕೊಪ್ಪದ ಔಷಧ ಅಂಗಡಿಯ ಮೇಜಿನ ಮೇಲೆ ಮೂರೂ ಪೊಟ್ಟಣಗಳನ್ನಿಟ್ಟೆ. ತಿಂಗಳಿಗೊಮ್ಮೆ ತಾವಾಗಿಯೇ ಮನೆಗೆ ಬರುತ್ತಿದ್ದ ಅವುಗಳ ಮೇಲೆ ನನ್ನ ಹೆಂಡತಿಯ ಹೆಸರಿತ್ತು. ಬಿಚ್ಚಲು ಮನಸ್ಸು ಬಂದಿರಲಿಲ್ಲ.

ಅಂಗಡಿಯಾತ ಒಂದನ್ನು ಬಿಚ್ಚಿ ನೋಡಿ ಗಾಬರಿಯಾದ. “ಕಾಕಾ, ಇವು ಕಾಕೂ ಅವರವು ಅಲ್ರಿ. ನಿಮ್ಮ ಬಿಪಿ ಗುಳಿಗಿ! ತಮ್ಮ ಹೆಸರಿಲೆ ತಿಂಗಳಾ ತಪ್ಪದಂಗ ಕಳಸ್ರಿ ಅಂತ ಅವರೇ ಹೇಳಿದ್ರು.”

ಇಷ್ಟು ವರ್ಷ ಬೆಳಗಿನ ಚಹಾಕ್ಕೆ ಮೊದಲು ಅವಳು ನನ್ನ ಅಂಗೈಯಲ್ಲಿಟ್ಟ ಗುಳಿಗೆಯನ್ನು ನುಂಗಿದ್ದೆ. ಅದರ ಹೆಸರು ಕೂಡ ಕೇಳಿರಲಿಲ್ಲ. ಅವಳು ಹೋದ ಮೇಲೆ ಅದೂ ನಿಂತಿತ್ತು.

ಪೊಟ್ಟಣ ಈಗಲೂ ಅವಳ ಹೆಸರಿನಲ್ಲೇ ಬರುತ್ತದೆ. ಬೆಳಿಗ್ಗೆ ಗುಳಿಗೆ ಬಿಡಿಸಿ, ನನ್ನ ಒಂದು ಕೈಯಿಂದ ಇನ್ನೊಂದು ಕೈಗೆ ಕೊಟ್ಟುಕೊಳ್ಳುತ್ತೇನೆ.