ಸ್ಪೀಕರಿಗೆ ಹೆಣೆದ ಅಂಗಿ

ನೈರೋಬಿಯ ಲುಥುಲಿ ಬೀದಿಯ ಅಂಗಡಿಯೊಂದರ ಬಾಗಿಲಲ್ಲಿ, ಹಗಲು ಹನ್ನೊಂದು ಗಂಟೆಗೆ, ನಮ್ಮ ಶಾಲೆಯ ಅಡುಗೆಯವ ಶಡ್ರಕ್ ಸಿಮಿಯು ಎದೆಮಟ್ಟದ ಸ್ಪೀಕರೊಂದಕ್ಕೆ ಗುಲಾಬಿ ಬಣ್ಣದ ಕ್ರೋಶಾ ಅಂಗಿ ತೊಡಿಸುತ್ತಿದ್ದ. ತೊಡಿಸುವುದೇನೋ ಸಲೀಸಾಗಿ ಆಯಿತು. ತೆಗೆಯುವಾಗ ಅಂಗಿಯ ಕುಚ್ಚು ಹಿಂಬದಿಯ ಸ್ಕ್ರೂವಿಗೆ ಸಿಕ್ಕಿಕೊಂಡಿತು. ಅವನು ಎಳೆದ; ಸ್ಪೀಕರ್ ಅವನ ಮೇಲೆ ವಾಲಿತು. ಬೀಳದಿರಲೆಂದು ಎರಡೂ ಕೈಯಿಂದ ಅಪ್ಪಿ ಹಿಡಿದ. ಅಷ್ಟರಲ್ಲಿ ಒಳಗಿದ್ದ ಅಂಗಡಿಯವನು, ಗಿರಾಕಿಗೆ ಮಾಲು ಒಪ್ಪಿಗೆಯಾಯಿತೆಂದು ತಿಳಿದು, ಜೋರಾಗಿ ಹಾಡು ಹಾಕಿಬಿಟ್ಟ. ಸ್ಪೀಕರ್ ನಡುಗಿತು, ಅಂಗಿಯ ಅಂಚು ಕುಣಿಯಿತು, ಅಪ್ಪಿಕೊಂಡಿದ್ದ ತಪ್ಪಿಗೆ ಸಿಮಿಯುವೂ ಕುಣಿಯಬೇಕಾಯಿತು.

ಬೀದಿಗೆ ಬೀದಿಯೇ ನಿಂತು ನೋಡಿತು.

"ಬಟ್ಟೆ ತೊಡಿಸಿದ್ದಾಯ್ತು, ತಬ್ಕೊಂಡಿದ್ದೂ ಆಯ್ತು. ಇನ್ನು ಹೆಣ್ಣಿನ ತವರಿಗೆ ತೆರವಾಗಿ ಹಸು ಎಷ್ಟು ಕೊಡ್ತೀರಾ ಯಜಮಾನ್ರೇ?" ಎಂದಳು ಕಡಲೆಬೀಜ ಮಾರುವ ಹೆಂಗಸು.

"ಇವಳಿಗೆ ಅರವತ್ತೈದು ಸಾವಿರ," ಎಂದ ಅಂಗಡಿಯವ. "ತಂಗಿಯರೂ ಬೇಕು ಅಂದ್ರೆ ಬೇರೆ ಮಾತು."

ಸಿಮಿಯುವಿನ ಜೇಬಿನಲ್ಲಿದ್ದದ್ದು ಹದಿನೆಂಟು ಸಾವಿರ ಶಿಲಿಂಗ್. ಅವನ ಜೊತೆಗೆಂದೇ ಬಂದಿದ್ದ, ಅದೇ ಶಾಲೆಯ ಮೇಷ್ಟ್ರಾದ ನಾನು ಆ ಹೊತ್ತಿನಲ್ಲಿ ಪಕ್ಕದ ಅಂಗಡಿಯ ಟಾರ್ಚುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಇನ್ನೊಬ್ಬರ ಮುಜುಗರವನ್ನು ದಿಟ್ಟಿಸಬಾರದು ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಹೇಡಿಗಳಿಗೆ ಬಹಳ ಒದಗುವ ಪಾಠ ಅದು.

ಅಂಗಿ ಹೆಣೆದವಳು ಸಿಮಿಯುವಿನ ಹೆಂಡತಿ ನಾಲಿಯಾಕಾ. ಆಕೆ ನಾಲ್ಕು ವರ್ಷದಿಂದ ಸೌದಿಯ ದಮ್ಮಾಮಿನ ಮನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಆ ಮನೆಯಲ್ಲಿ ಸಿನಿಮಾ ನೋಡಲೆಂದೇ ಒಂದು ಕೋಣೆಯಿದೆ. ಎದುರಿಗೆ ಎತ್ತರದ ಎರಡು ಸ್ಪೀಕರು, ಅವುಗಳ ನಡುವೆ ಅಡ್ಡ ಮಲಗಿದ ಒಂದು, ಹಿಂದಿನ ಗೋಡೆಯಲ್ಲಿ ಪುಟ್ಟವು ಎರಡು. ದಿನವೂ ಬೆಳಿಗ್ಗೆ ಆಕೆ ಐದನ್ನೂ ಒರೆಸುತ್ತಾಳೆ. ಒರೆಸುವಾಗ ಅವು ಬಾಯಿ ಮುಚ್ಚಿಕೊಂಡಿರುತ್ತವೆ. ಅವು ಬಾಯಿ ಬಿಡುವ ಹೊತ್ತಿಗೆ ಆಕೆ ಅಡುಗೆಮನೆಯಲ್ಲಿರುತ್ತಾಳೆ. ಗೋಡೆಯಾಚೆಯಿಂದ ಗುಡುಗು ಕೇಳಿಸುತ್ತದಂತೆ, ಮಳೆ ಕೇಳಿಸುವುದಿಲ್ಲವಂತೆ.

"ಒಂದೇ ಒಂದು ಸಲ," ಎಂದು ಫೋನಿನಲ್ಲಿ ಗಂಡನಿಗೆ ಹೇಳಿದ್ದಳು, "ನಡುವಿನ ಸೀಟಲ್ಲಿ ಕೂತು ಇಡೀ ಸಿನಿಮಾ ನೋಡ್ಬೇಕು ಕಣ್ರೀ. ಯಾರೂ ಕರೀಬಾರ್ದು, ನಾನು ಏಳ್ಬಾರ್ದು."

ಮನೆಯವರು ಹೊಸ ರಿಸೀವರ್ ಕೊಂಡಾಗ ಹಳೆಯದನ್ನು ಆಕೆಗೆ ಕೊಟ್ಟರು. ಐದೂ ಸ್ಪೀಕರುಗಳಿಗೆ ಸದ್ದು ಹಂಚುವ ಪೆಟ್ಟಿಗೆ ಅದು. ತಾನಾಗಿ ಒಂದು ಸೊಲ್ಲೂ ಎತ್ತದು. ಟವೆಲ್ಲು, ಸೋಪು, ಖರ್ಜೂರಗಳ ನಡುವೆ ಅದನ್ನು ಪೀಪಾಯಿಯಲ್ಲಿ ತುಂಬಿ ಹಡಗಿಗೆ ಹಾಕಿಸಿದಳು. ಜೊತೆಗೆ ಐದು ಕ್ರೋಶಾ ಅಂಗಿಗಳು. ನಮ್ಮ ಉಮೋಜಾ ಬಡಾವಣೆಯಲ್ಲಿ ಕುರ್ಚಿ, ಮೇಜು, ಟಿವಿ ಎಲ್ಲಕ್ಕೂ ಕ್ರೋಶಾ ಹೊದಿಕೆ ಇರಲೇಬೇಕು. ಸಾಮಾನು ಬರಿಮೈಯಲ್ಲಿದ್ದರೆ ಮನೆಯಲ್ಲಿ ಹೆಂಗಸಿಲ್ಲ ಎಂದು ಲೆಕ್ಕ. ತನ್ನ ಮನೆಯ ಬಗ್ಗೆ ಯಾರೂ ಹಾಗೆನ್ನಬಾರದೆಂದು ನಾಲಿಯಾಕಾ ದಮ್ಮಾಮಿನ ಸ್ಪೀಕರುಗಳ ಅಳತೆಗೇ, ಬಿಡುವಿನ ಶುಕ್ರವಾರಗಳಲ್ಲಿ, ಹೆಣೆದಿದ್ದಳು. ಆಗಸ್ಟಿನಲ್ಲಿ ಕರಾರು ಮುಗಿಸಿ ಬರುವವಳಿದ್ದಳು.

ಹೀಗಾಗಿ ಸಿಮಿಯು ಅಂಗಿ ಹಿಡಿದು ಮೈ ಹುಡುಕುತ್ತಿದ್ದ. ಅಂಗಡಿಯ ಸ್ಪೀಕರ್ ಪೆಟ್ಟಿಗೆಗಳ ಮೇಲೆ ಹನ್ನೆರಡು ಸಾವಿರ ವ್ಯಾಟ್ ಎಂದು ಬರೆದಿತ್ತು, ಇಪ್ಪತ್ತು ಸಾವಿರ ಎಂದೂ ಬರೆದಿತ್ತು. ಅವನು ಅದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಿ ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಭುಜ ಬಿಗಿಯಾಯ್ತು," ಎನ್ನುತ್ತಿದ್ದ.

ಕುಚ್ಚು ಬಿಡಿಸಲು ಕತ್ತರಿ ತಂದವಳು ಮುಂಬುವಾ. ಅದೇ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಸ್ಪೀಕರ್ ರಿಪೇರಿ ಮಾಡುವಾಕೆ. ಕತ್ತರಿ ಕಂಡದ್ದೇ ಸಿಮಿಯು ಕಿರುಚಿದ.

"ಕತ್ತರಿಸ್ಬೇಡ ತಾಯೀ! ನನ್ನ ಹೆಂಡ್ತಿ ಹೆಣೆದಿದ್ದು!"

"ಹಾಗಾದ್ರೆ ಸ್ಕ್ರೂ ಬಿಚ್ತೀನಿ, ಕಿರುಚ್ಬೇಡಿ." ಬಿಚ್ಚಿದಳು. ಬಳಿಕ ಅವನ ಕಂಕುಳಲ್ಲಿದ್ದ ಗಂಟಿನತ್ತ ನೋಡಿದಳು. "ಅದೇನು, ಮಗೂನಾ?"

ಮಗು ಹೊರುವ ಶಾಲಿನಲ್ಲಿ ಸುತ್ತಿ ತಂದಿದ್ದ ರಿಸೀವರ್ ಅದು. ಅವಳು ಶಾಲು ಬಿಚ್ಚಿ ನೆತ್ತಿಯ ಸೀಳುಗಳನ್ನು ಮುಟ್ಟಿ ನೋಡಿದಳು. "ಮನೇಲೂ ಹೀಗೇ ಹೊದಿಸಿಡ್ತೀರಾ? ಇದಕ್ಕೆ ಉಸಿರು ಬೇಡ್ವಾ?" ಆಮೇಲೆ ತಿರುಗಿಸಿ ಬೆನ್ನು ಓದಿದಳು. "ಆರರಿಂದ ಹದಿನಾರು ಓಮ್. ಆ ಗುಲಾಬಿ ಮದುಮಗಳು ನಾಲ್ಕು ಓಮು. ಅರವತ್ತೈದು ಸಾವಿರ ಇದ್ರೂ ಅವಳು ನಿಮಗಲ್ಲ."

ಓಮ್ ಎಂದರೆ ಶಾಂತಿ ಎಂದುಕೊಂಡಿದ್ದ ನನಗೆ, ಅದು ಕಡಿಮೆಯಾದಷ್ಟೂ ಅಶಾಂತಿ ಎಂದು ಅಂದು ತಿಳಿಯಿತು.

"ನೀವೇನು ಕೆಲ್ಸ ಮಾಡ್ತೀರಾ?" ಎಂದು ಅವಳು ಕೇಳಿದಳು.

"ಅಡುಗೆ. ಆರುನೂರು ಮಕ್ಕಳಿಗೆ ಜೋಳ, ಹುರುಳಿ ಬೇಯಿಸ್ತೀನಿ."

"ಹಾಗಾದ್ರೆ ಕೇಳಿ. ಓಮ್ ಕಡಿಮೆ ಆದಷ್ಟೂ ಸ್ಪೀಕರಿಗೆ ಹಸಿವು ಜಾಸ್ತಿ. ನಿಮ್ಮ ರಿಸೀವರು ಸಣ್ಣ ಒಲೆ. ಹಸಿದೋರು ಒಟ್ಟಿಗೆ ತಟ್ಟೆ ಬಡಿದ್ರೆ ಒಲೆ ಕಾದು ಕಾದು ಆರಿಹೋಗುತ್ತೆ. ಎಂಟು ಓಮಿಂದು ತಗೊಳ್ಳಿ, ಮೆಲ್ಲಗೆ ಉಣ್ಣುತ್ತೆ."

"ಮತ್ತೆ ಹನ್ನೆರಡು ಸಾವಿರ ವ್ಯಾಟು?"

"ಪೆಟ್ಟಿಗೆ ಮೇಲೆ ಬರೆಯೋಕೆ ಕರೆಂಟ್ ಬೇಕಾ ಅಣ್ಣಾ?"

ಈ ಮಾತಿನೊಂದಿಗೆ ಅವಳು ಅವನ ನಂಬಿಕೆಯನ್ನು ಗೆದ್ದುಕೊಂಡಳು. ಮೂಲೆಯಿಂದ ಎಳೆದು ತೋರಿಸಿದ್ದು ವಿಲಾಯತಿಯಿಂದ ಕಂಟೇನರಿನಲ್ಲಿ ಬಂದ ಹಳೆಯ ಮಾಲು: ಮೊಳದುದ್ದದ ಜೋಡಿ, ಅದೇ ಕಂಪನಿಯ ನಡುವಿನದೊಂದು. ಮೂರೂ ಎಂಟು ಓಮ್. ಬಾಯಿಯ ಸುತ್ತ ಇದ್ದ ಫೋಮ್ ಹಪ್ಪಳದಂತೆ ಪುಡಿಯಾಗಿತ್ತು. ಹೊಸದು ಅಂಟಿಸಿ ಹದಿನೇಳೂವರೆ ಸಾವಿರಕ್ಕೆ ಕೊಡುತ್ತೇನೆಂದಳು.

"ನನಗೆ ಐದು ಬೇಕು," ಎಂದ ಸಿಮಿಯು.

"ಐದು ಕೆಟ್ಟದ್ದು ಬೇಕಾ, ಮೂರು ಒಳ್ಳೇದಾ? ಸಿನಿಮಾದಲ್ಲಿ ಮಾತೆಲ್ಲ ಬರೋದು ನಡುವಿನದರಿಂದ. ಅದೂ ಅಕ್ಕಪಕ್ಕದ್ದೂ ಒಂದೇ ಮನೆಯವಾಗಿದ್ರೆ ದನಿ ಬದಲಾಗಲ್ಲ. ಹಿಂದಿನ ಎರಡು ಆಮೇಲೆ ಬಂದ್ರೂ ನಡೆಯುತ್ತೆ."

"ಮಳೆ ಹಿಂದಿನಿಂದ ಬರ್ಬೇಕಂತೆ," ಎಂದ, ಮೆಲ್ಲಗೆ.

ಮುಂಬುವಾ ನಡುವಿನ ಸ್ಪೀಕರಿನ ದೂಳು ಒರೆಸಿದಳು. "ಸದ್ಯಕ್ಕೆ ಮುಂದಿನಿಂದ ಬರ್ಲಿ ಬಿಡಿ," ಎಂದಳು.

ಕೊಂಡದ್ದು ಮೂರು. ಆದರೆ ಎದೆಮಟ್ಟದ ಅಂಗಿ ಮೊಳದುದ್ದದ ಮೈಗೆ ಹೇಗೆ ಹೊಂದೀತು? ಎರಡು ದಿನ ಯೋಚಿಸಿ ಸಿಮಿಯು ಶಾಲೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದ ಅಲ್ಯೂಮಿನಿಯಂ ಹಂಡೆಗಳನ್ನು ಹೆಡ್‌ಮೇಷ್ಟ್ರಲ್ಲಿ ಬೇಡಿ ಪಡೆದ. ಬೋರಲು ಹಾಕಿ ಒಂದರ ಮೇಲೊಂದು ಪೇರಿಸಿದ, ಮೇಲೆ ಸ್ಪೀಕರು ಕೂರಿಸಿದ, ಎಲ್ಲ ಸೇರಿಸಿ ಅಂಗಿ ಇಳಿಬಿಟ್ಟ. ಅಳತೆ ಬೆರಳಷ್ಟೂ ತಪ್ಪಲಿಲ್ಲ. ಹಂಡೆ ಇರುವುದು ನೋಡಿದವರಿಗೆ ತಿಳಿಯುವುದಿಲ್ಲ. ಹಾಡು ಹಾಕಿದಾಗ ಮಾತ್ರ ಯಾರೋ ಒಳಗೆ ಪಾತ್ರೆ ತೊಳೆಯುತ್ತಿರುವಂತಿತ್ತು. ತಂತಿ ಜೋಡಿಸಲು ಬಂದ ಮುಂಬುವಾ ಹಂಡೆಗಳನ್ನು ನೆಟ್ಟಗೆ ತಿರುಗಿಸಿ ಮರಳು ತುಂಬಿಸಿ ಬಾಯಿ ಮುಚ್ಚಿಸಿದಳು. ಅಂಗಿ ತೆಗೆಯಿರಿ, ಸದ್ದು ಮಂಕಾಗುತ್ತದೆ ಎಂದಾಗ ಮಾತ್ರ ಅವನು ಒಪ್ಪಲಿಲ್ಲ. ಕೊನೆಗೆ, ಸಿನಿಮಾ ಹಾಕುವಾಗ ಮುಂಭಾಗವನ್ನಷ್ಟೇ ಮದುಮಗಳ ಮುಸುಕಿನಂತೆ ಎತ್ತಿ, ಮುಗಿದ ಮೇಲೆ ಇಳಿಸುವುದೆಂದು ರಾಜಿಯಾಯಿತು. ಉಳಿದ ಎರಡು ಪುಟ್ಟ ಅಂಗಿಗಳನ್ನು ಹಿಂದಿನ ಗೋಡೆಯಲ್ಲಿ ಬರಿ ಮೊಳೆಗಳಿಗೆ ನೇತುಹಾಕಿದ.

"ಈಗ ನಡುವೆ ಕೂತು ಕೇಳಿ," ಎಂದು ಮುಂಬುವಾ ಸೋಫಾ ತೋರಿಸಿದಳು. "ಮೂರೂ ಸೇರಿ ಒಂದಾಗೋದು ಅಲ್ಲೇ."

"ಆಮೇಲೆ ಕೂರ್ತೀನಿ," ಎಂದು ಸಿಮಿಯು ಬದಿಗೆ ಕೂತ.

ಆ ಭಾನುವಾರ ಫೋನು ಎತ್ತಿ ಹಿಡಿದು ಹೆಂಡತಿಗೆ ಎಲ್ಲವನ್ನೂ ತೋರಿಸಿದ. ಚಹಾಕ್ಕೆ ಹೋಗಿದ್ದ ನಾನೂ ಅಲ್ಲಿದ್ದೆ.

"ಎಡಗಡೇದು ಸೊಟ್ಟ ಇದೆ," ಎಂದಳು ನಾಲಿಯಾಕಾ ಮೊದಲು. ಆಮೇಲೆ, "ಹಾಕಿ, ಕೇಳ್ತೀನಿ."

ಅವನು ಮಳೆಯಿರುವ ಸಿನಿಮಾವೊಂದನ್ನು ಹುಡುಕಿಟ್ಟಿದ್ದ. ಮಳೆ ಸುರಿಯಿತು. ಅವನು ಫೋನನ್ನು ಸ್ಪೀಕರಿನ ಮುಂದೆ ಹಿಡಿದು ಉಸಿರು ಬಿಗಿಹಿಡಿದು ನಿಂತ.

"ಕೇಳ್ತಾ?"

"ಏನೋ ಕರಿಯೋ ಸದ್ದು. ಈರುಳ್ಳಿ ಹಾಕಿದ್ದೀರಾ?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಆಕೆ ಹೇಳಿದಳು: ಮನೆಯ ಹಿರಿಯಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಇನ್ನೊಂದು ವರ್ಷ ಇರು ಎಂದು ಕೈ ಹಿಡಿದು ಕೇಳಿದರು. ಸಂಬಳವನ್ನೂ ಏರಿಸಿದ್ದಾರೆ. ತಾನು ಹೂಂ ಅಂದಿದ್ದೇನೆ.

ಟಿವಿಯಲ್ಲಿ ಮಳೆ ಇನ್ನೂ ಸುರಿಯುತ್ತಿತ್ತು. ಸಿಮಿಯು ಹೋಗಿ ಎಡಗಡೆಯ ಅಂಗಿಯನ್ನು ನೆಟ್ಟಗೆ ಮಾಡಿ ಬಂದ.

"ಒಳ್ಳೇದೇ ಆಯ್ತು," ಎಂದ ಫೋನಿಗೆ. "ಅಷ್ಟರಲ್ಲಿ ಹಿಂದಿನವೆರಡೂ ತಂದಿರ್ತೀನಿ."

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ, ಶಾಲೆಯ ಹಂಡೆ ತೊಳೆದು ಬಂದು, ಸಿಮಿಯು ಮುಸುಕು ಎತ್ತಿ ಒಂದು ಸಿನಿಮಾ ನೋಡುತ್ತಾನೆ. ಕೂರುವುದು ಯಾವಾಗಲೂ ಸೋಫಾದ ಎಡತುದಿಯಲ್ಲಿ, ಕತ್ತು ಸೊಟ್ಟ ಮಾಡಿಕೊಂಡು. ನಡುವಿನ ಜಾಗದ ಮೇಲೆ ನಾಲಿಯಾಕಾಳ ಬಿಳಿಯ ಹೊದಿಕೆ ಒಂದು ಸುಕ್ಕೂ ಇಲ್ಲದೆ ಹಾಸಿರುತ್ತದೆ. ಬಂದವರು ಅಲ್ಲಿ ಕೂರಲು ಹೋದರೆ ಮೆತ್ತಗೆ ತೋಳು ಹಿಡಿದು ಪಕ್ಕಕ್ಕೆ ಕೂರಿಸುತ್ತಾನೆ. ಬಡಾವಣೆಯ ಹೆಂಗಸರು ಕಿಟಕಿಯಿಂದ ಇಣುಕಿ ನಿಟ್ಟುಸಿರು ಬಿಡುತ್ತಾರೆ, ಮನೆಗೆ ಹೋಗಿ ಗಂಡಂದಿರನ್ನು ಬೈಯುತ್ತಾರೆ. "ಅಲ್ನೋಡಿ, ದೇಶದಲ್ಲೇ ಇಲ್ಲದ ಹೆಂಡ್ತಿಗೆ ಜಾಗ ಕಾದಿಟ್ಟಿದಾನೆ, ನೀವೋ, ನಾನು ಎದ್ದ ತಕ್ಷಣ ಕಾಲು ಚಾಚ್ತೀರಾ." ನನ್ನ ಹೆಂಡತಿಯೂ ಅಂದದ್ದುಂಟು, ನಾನು ಕಾಲು ಚಾಚಿದ್ದಾಗಲೇ.

ಕಳೆದ ಶನಿವಾರ ಸಿನಿಮಾ ಮುಗಿದು, ಅವನು ಮುಸುಕುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಹಿಂದಿನ ಗೋಡೆಯ ಖಾಲಿ ಅಂಗಿಗಳೆರಡು ಗಾಳಿಗೆ ಆಡುತ್ತಿದ್ದವು.

"ಸಿಮಿಯು," ಎಂದೆ, "ಆ ನಡುವಿನ ಜಾಗ. ಅವಳು ಬರೋವರೆಗೂ ಯಾರೂ ಕೂರ್ಬಾರ್ದು ಅಂತ ತಾನೇ?"

ಅವನು ಬಂದು ಬಿಳಿಯ ಹೊದಿಕೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ನೋಡಿದ.

"ಅಲ್ಲಿ ಸ್ಪ್ರಿಂಗ್ ಎದ್ದಿದೆ ಮೇಷ್ಟ್ರೇ," ಎಂದ. "ಕೂತ್ರೆ ಚುಚ್ಚುತ್ತೆ."