ಪೈಪಿನ ಇನ್ನೊಂದು ತುದಿ

ನಾವಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ ಒಂದು ಪಂಪನ್ನು ಪರೀಕ್ಷಿಸಿದ್ದು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಮರಗಳಿಗೆ ಮದ್ದು ಬಿಡುವ ಪಂಪು. ನನ್ನ ಗಂಡ ಕಡಬ ಪೇಟೆಯ ಅಂಚಿನಲ್ಲಿ ಅಂಥ ಪಂಪುಗಳನ್ನು ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಅದರ ಹಿಂದೆ ಇಳಿಜಾರಿನ ಜಾಗ. ಅವರು ಮೇಲೆ ಎಂಜಿನ್ನಿನ ಪಕ್ಕದಲ್ಲಿ, ನಾನು ಕೆಳಗೆ ಗೇರುಮರದ ಬುಡದಲ್ಲಿ ಪೈಪಿನ ತುದಿಯ, ಮದ್ದು ಚಿಮ್ಮುವ ಗನ್ ಹಿಡಿದುಕೊಂಡು. ಮದುವೆಯಾಗಿ ಬಂದಂದಿನಿಂದ ನನ್ನ ಜಾಗ ಅದೇ.

"ಬಂತಾ?" ಎಂದು ಅವರು ಮೇಲಿನಿಂದ ಕೂಗಿದರು.

"ಬಂತು."

"ಎಲ್ಲಿವರೆಗೆ?"

"ಮರದ ತುದಿ ಕೊಡಿವರೆಗೆ. ನನ್ನ ತಲೆ ಮೇಲೂ ಉಂಟು."

"ತಲೆಗೆ ಮದ್ದಿಲ್ಲ ಮಾರಾಯ್ತಿ, ಬರೀ ನೀರು" ಎಂದು ನಕ್ಕು ಎಂಜಿನ್ ನಿಲ್ಲಿಸಿದರು.

ಡಿಸೆಂಬರಿನ ಬಿಸಿಲು. ದಿನವಿಡೀ ಒಬ್ಬ ಗಿರಾಕಿಯೂ ಬರಲಿಲ್ಲ. ಮರುದಿನ ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಗಿರಾಕಿಗಳಿಲ್ಲದ ದಿನಗಳೆಂದರೆ ಅವರಿಗೆ ಇಷ್ಟ. ನಮ್ಮದು ಮಳೆಗಾಲದ ಆಸುಪಾಸಿನ ವ್ಯಾಪಾರ. ಮೇ ತಿಂಗಳ ಕೊನೆಗೆ, ಕೋಲ ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆ ಬರುವ ಹೊತ್ತಿಗೆ ಊರಿನವರಿಗೆಲ್ಲ ಒಟ್ಟಿಗೇ ಪಂಪಿನ ನೆನಪಾಗುತ್ತದೆ. ಜೋರು ಮಳೆಯ ಆಟಿ ತಿಂಗಳು ಕಳೆದು ಎರಡನೇ ಸಲದ ಮದ್ದೂ ಮುಗಿದರೆ ಮತ್ತೆ ಯಾರೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಮದ್ದು ಬಿಟ್ಟ ಮೇಲೆ ಒಳ್ಳೆ ನೀರು ಹಾಯಿಸಿ ಪಂಪನ್ನು ತೊಳೆದಿಡಬೇಕು. ಆದರೆ ಆ ಹೊತ್ತಿಗೆ ಮಳೆ ಬಂದಿರುತ್ತದೆ, ಕೆಲಸದವರು ಹೊರಟಿರುತ್ತಾರೆ. ಪಂಪು ಹಾಗೆಯೇ ಕೊಟ್ಟಿಗೆಯ ಮೂಲೆ ಸೇರುತ್ತದೆ. ಒಳಗೆ ಉಳಿದ ಮದ್ದಿನ ಸುಣ್ಣ, ಮೈಲುತುತ್ತು ಗಟ್ಟಿಯಾಗಿ ವಾಲ್ವುಗಳು ನೀಲಿಬಣ್ಣಕ್ಕೆ ತಿರುಗಿ ಕೂತುಬಿಡುತ್ತವೆ.

"ಮೇಯಲ್ಲಿ ತಂದ್ರೆ ಬಡಿದೇ ತೆಗೀಬೇಕು. ಬಡಿದ್ರೆ ಅಂಚು ಹೋಗ್ತದೆ. ಈಗ ತಂದ್ರೆ ನೆನೆಸಿಡ್ಲಿಕ್ಕೆ ಸಮಯ ಉಂಟು" ಎಂದು ಡಿಸೆಂಬರ್, ಜನವರಿಯಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದರು. ಪುನರ್ಪುಳಿ ಹಣ್ಣಿನ ಸಿಪ್ಪೆಯ ಹುಳಿನೀರಿನಲ್ಲಿ ವಾಲ್ವುಗಳನ್ನು ಹಾಕಿಟ್ಟರೆ ಅಂಟಿದ್ದೆಲ್ಲ ನಿಧಾನವಾಗಿ ಬಿಡುತ್ತದೆ. ಅದಕ್ಕಾಗಿ ನನ್ನ ಅಡುಗೆಮನೆಯ ಒಂದು ಭರಣಿ ವರ್ಕ್‌ಶಾಪಿಗೆ ಹೋದದ್ದು ಮತ್ತೆ ವಾಪಸು ಬರಲಿಲ್ಲ.

ಹೇಳಿದರೆ ಯಾರೂ ತರುವುದಿಲ್ಲವೆಂದು ಗೊತ್ತಾದ ಮೇಲೆ ಇವರೇ ಹೋಗತೊಡಗಿದರು. ಸಂಪಾಜೆಯಲ್ಲಿ ಪೂಜೆಯೋ, ಕೊಯಿಲದಲ್ಲಿ ಮನೆ ಒಕ್ಕಲೋ, ಎಲ್ಲಿಗೆ ಕರೆ ಬಂದರೂ ಸ್ಕೂಟರಿನ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಇರುತ್ತಿತ್ತು. ಕೈಕಾಲು ತೊಳೆದು ನೇರ ಕೊಟ್ಟಿಗೆಗೆ. ನನಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ನನ್ನ ತವರು ಮಂಡೆಕೋಲಿನಲ್ಲಿ, ನೆರೆಮನೆಯ ಅಜ್ಜ ತೀರಿಹೋಗಿ ಬೊಜ್ಜದ ಊಟಕ್ಕೆ ಹೋದಾಗಲೂ ಹೀಗೇ ಆಯಿತು. ಎಲೆ ಹಾಕಿದರೂ ಇವರಿಲ್ಲ. ನನ್ನ ಅಣ್ಣ ಹುಡುಕಿಕೊಂಡು ಹೋಗಿ, "ಭಾವ, ನೀವು ಬೊಜ್ಜಕ್ಕೆ ಬಂದದ್ದಾ, ಪಂಪು ನೋಡ್ಲಿಕ್ಕೆ ಬಂದದ್ದಾ?" ಎಂದು ಎಲ್ಲರೆದುರೇ ಕೇಳಿದ.

"ಎರಡಕ್ಕೂ. ಅಜ್ಜನ ಪಂಪಲ್ವಾ? ಅದನ್ನೂ ಒಂದು ದಾರಿಗೆ ಹಚ್ಚಬೇಡ್ವಾ?"

ಅಜ್ಜನ ಮಗಳು ಅಳುತ್ತಿದ್ದವಳೂ ನಕ್ಕಳು. ವಾಪಸು ಬರುವಾಗ ಸ್ಕೂಟರಿನಲ್ಲಿ ನಮ್ಮಿಬ್ಬರ ನಡುವೆ ಆ ಪಂಪಿನ ವಾಲ್ವುಗಳು, ಬಾಳೆಎಲೆಯಲ್ಲಿ ಕಟ್ಟಿದ ಹೋಳಿಗೆಯ ಜೊತೆಗೆ.

ಹೀಗೆ ತಂದದ್ದನ್ನೆಲ್ಲ ಮಧ್ಯಾಹ್ನದ ಊಟವಾದ ಮೇಲೆ ಗೋಣಿಯ ಮೇಲೆ ಹರಡಿಕೊಂಡು ಕೂರುತ್ತಿದ್ದೆವು. ಅವರು ಬಿಚ್ಚಿ ಕೊಡುತ್ತಿದ್ದರು, ನಾನು ಉಜ್ಜಿ ಸಾಲಾಗಿ ಇಡುತ್ತಿದ್ದೆ. ರೇಡಿಯೋ ಹಾಡುತ್ತಿರುತ್ತಿತ್ತು. ಅವರಿಗೆ ಪಾಠ ಹೇಳಿಕೊಡುವ ಅಭ್ಯಾಸವಿರಲಿಲ್ಲ, ನಾನೂ ಕೇಳಿದವಳಲ್ಲ. ಕೂತು ಕೂತು ಯಾವುದು ಎಲ್ಲಿಗೆ ಸೇರುವುದೆಂದು ಕೈಗೆ ಗೊತ್ತಾಗಿತ್ತು, ಅಷ್ಟೆ.

ಇವರ ಮಾತಿಗೆ ಕೊನೆವರೆಗೂ ಬಗ್ಗದವರು ಒಬ್ಬರೇ. ನೆಲ್ಯಾಡಿ ಕಡೆ ರಬ್ಬರು, ಅಡಿಕೆ ಮಾಡುವ, ಕೇರಳದಿಂದ ಬಂದು ನೆಲೆಸಿದ ಕುಟುಂಬದವರು. ಅವರ ಮಲಯಾಳದಲ್ಲಿ ಅಣ್ಣ ಎನ್ನುವಂತೆ ನಾವು ಅವರನ್ನು ಚೇಟ ಎಂದೇ ಕರೆಯುವುದು, ಅವರು ನನ್ನನ್ನು ಅಕ್ಕ ಎನ್ನುವಂತೆ ಚೇಚಿ ಎಂದು. ಪ್ರತಿ ವರ್ಷವೂ ಆಕಾಶ ಕಪ್ಪಾದ ಮೇಲೆಯೇ ಅವರ ಜೀಪು ಬರುತ್ತಿತ್ತು.

"ಚೇಟ, ಮಳೆಯನ್ನೂ ಜೀಪಲ್ಲೇ ಕರ್ಕೊಂಡು ಬಂದದ್ದಾ?" ಎಂದು ಇವರು ಕೇಳುವುದು. "ಬರುವ ವರ್ಷ ಜನವರಿಗೇ ತರ್ತೇನೆ, ನೋಡಿ" ಎಂದು ಅವರು ಹೇಳುವುದು. ಅದೂ ಪ್ರತಿ ವರ್ಷ.

ನನ್ನ ಗಂಡನ ಬೊಜ್ಜ ಮುಗಿದ ಮೇಲೆ ಅಣ್ಣ ನನ್ನನ್ನು ಕೂರಿಸಿಕೊಂಡು ಮಾತನಾಡಿದ. ವರ್ಕ್‌ಶಾಪಿನ ಕೋಣೆಯನ್ನು ಮೊಬೈಲ್ ಅಂಗಡಿಗೆ ಕೇಳುವವರಿದ್ದರು. "ಗಿರಾಕಿ ಇಲ್ಲದ ಜಾಗದಲ್ಲಿ ನೀನೊಬ್ಬಳೇ ಕೂತು ಎಂತ ಮಾಡುದು? ಈ ತಿಂಗಳೊಳಗೆ ಒಂದು ಮಾತು ಹೇಳು" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೋಣೆ ಕೊಟ್ಟರೆ ಗೋಣಿ, ಭರಣಿ, ಗೇರುಮರದ ಬುಡದ ನನ್ನ ಜಾಗ ಎಲ್ಲವೂ ಹೋಗುತ್ತದೆ. ಕೊಡದಿದ್ದರೆ ಕೆಲಸ ನನ್ನಿಂದಾಗುತ್ತದೆಯೋ ಇಲ್ಲವೋ ಗೊತ್ತಿಲ್ಲ.

ಜನವರಿಯ ಒಂದು ಬೆಳಿಗ್ಗೆ ಕೋಣೆ ಗುಡಿಸಲೆಂದು ಬಾಗಿಲು ತೆರೆದಿದ್ದೆ. ಚೇಟನ ಜೀಪು ಬಂತು. ಅವರು ಹಿಂದಿನಿಂದ ಪಂಪು ಇಳಿಸಿದರು.

"ಜನವರಿಗೆ ತರ್ತೇನೆ ಅಂತ ಹೇಳಿದ್ದೆ ಅಲ್ವಾ ಚೇಚಿ" ಎಂದರು.

"ಬಿಚ್ಚುವವರು ಇಲ್ವಲ್ಲ ಚೇಟ."

"ಇಷ್ಟು ವರ್ಷ ಗೋಣಿಯ ಈಚೆ ಬದಿ ಕೂತದ್ದು ಯಾರು ಮತ್ತೆ?"

"ಹಾಳಾದ್ರೆ?"

"ಹಾಳಾದ್ರೆ ಇನ್ನೊಮ್ಮೆ ಬಿಚ್ಚಿ. ಮಳೆಗೆ ಇನ್ನೂ ಸಮಯ ಉಂಟು. ನಿಮ್ಮವರು ಹೇಳ್ತಾ ಇದ್ದದ್ದು ಅದನ್ನೇ ಅಲ್ವಾ?"

ಚೇಟ ಹೋದ ಮೇಲೆ ಪಂಪನ್ನು ಒಳಗೆ ಎಳೆದುಕೊಂಡೆ. ಮತ್ತೆ ಗೋಣಿ ಹಾಸಿದೆ. ಬಿಚ್ಚುವುದು ನಾನು, ಉಜ್ಜುವುದೂ ನಾನು. ವಾಲ್ವುಗಳು ಹುಳಿನೀರಿನಲ್ಲಿ ನೆನೆದವು. ಮೊದಲ ಸಲ ಜೋಡಿಸಿದಾಗ ಎಲ್ಲ ಕಡೆಯಿಂದ ನೀರು ಸೋರಿತು. ಒಂದು ವಾಷರನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಮತ್ತೆ ಬಿಚ್ಚಿದೆ. ಅವಸರ ಮಾಡುವ ಗಿರಾಕಿ ಬಾಗಿಲಲ್ಲಿ ನಿಂತಿರಲಿಲ್ಲ. ಈ ಖಾಲಿ ದಿನಗಳನ್ನು ಅವರು ಯಾಕಷ್ಟು ಇಷ್ಟಪಡುತ್ತಿದ್ದರೆಂದು ಆಗ ಅರ್ಥವಾಯಿತು.

ಎರಡನೇ ಸಲ ಜೋಡಿಸಿದ ಮೇಲೆ ಗನ್ನನ್ನು ಗೇರುಮರಕ್ಕೆ ಹಗ್ಗದಲ್ಲಿ ಬಿಗಿದು, ಮೇಲೆ ಬಂದು ಎಂಜಿನ್ನಿನ ಹಗ್ಗ ಎಳೆದು ಸ್ಟಾರ್ಟ್ ಮಾಡಿದೆ. ಸೋರಲಿಲ್ಲ. ಕೆಳಗಿಳಿದು ಮರದ ಹತ್ತಿರ ನಿಂತೆ. ನೀರು ಕೊಡಿಯವರೆಗೆ ಹೋಗಿ ನನ್ನ ತಲೆಯ ಮೇಲೆ ಬಿತ್ತು.

ಅಣ್ಣನಿಗೆ ಅವತ್ತೇ ಫೋನು ಮಾಡಿ ಕೋಣೆ ಕೊಡುವುದಿಲ್ಲ ಎಂದೆ. "ನಿನ್ನಿಷ್ಟ ಮಾರಾಯ್ತಿ. ಇಲ್ಲಿ ನಮ್ಮದೂ ಒಂದು ಪಂಪು ಉಂಟು" ಎಂದ. ಈಗ ಗೋಣಿಯ ಮೇಲೆ ಇರುವುದು ಅದು.

ಗೇರುಮರದ ಬುಡದಲ್ಲಿ ನಿಂತಾಗ ಮೇಲಿನಿಂದ "ಬಂತಾ?" ಎಂದು ಕೇಳುವವರು ಇಲ್ಲ.