ಪುಸ್ತಕದ ಮೇಲಿನ ಕೈ

ಮೈದಾ ಹಿಟ್ಟನ್ನು ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ ಅಂಟಿನ ವಾಸನೆ ನಿಮಗೆ ಪರಿಚಿತವೋ ಇಲ್ಲವೋ ತಿಳಿಯದು. ಅದು ಸುವಾಸನೆಯಲ್ಲ, ದುರ್ಗಂಧವೆಂದರೂ ಅನ್ಯಾಯವಾದೀತು. ಮೊನ್ನೆ ಶಿಗ್ಗಾಂವಿಯ ಮುದ್ರಣಾಲಯವೊಂದರ ಹೊಸ್ತಿಲಲ್ಲಿ ಆ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ಚೀಲದಲ್ಲಿ ಆಗ ಎರಡು ವಸ್ತುಗಳಿದ್ದವು: ಸಾಮೂಹಿಕ ವಿವಾಹಗಳನ್ನು ಟೀಕಿಸಿ ಯುವ ಅಧ್ಯಾಪಕರೊಬ್ಬರು ಬರೆದ ಕಿರುಹೊತ್ತಗೆ, ಮತ್ತು ಅದಕ್ಕೆ ನಾನು ಬರೆದಿದ್ದ ಖಾರವಾದ ಉತ್ತರ. ಸಾಮೂಹಿಕ ವಿವಾಹಕ್ಕಾಗಿ ಹಳ್ಳಿ ಹಳ್ಳಿ ತಿರುಗಿದವನು ನಾನು. ಹೊತ್ತಗೆಯ ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಉಳಿದರ್ಧ ಓದುವ ಬದಲು ಲೇಖನಿಯನ್ನು ಎತ್ತಿಕೊಂಡಿದ್ದೆ. ಆ ಉತ್ತರವನ್ನು ಅಚ್ಚಿಗೆ ಕೊಡುವ ಮೊದಲು ನಿಮಗೊಂದು ಹಳೆಯ ಸಂಗತಿ ಹೇಳಬೇಕು. ಅಂಟಿನ ವಾಸನೆ ಅದನ್ನು ಹೇಳಿಸದೆ ಬಿಡುವಂತಿಲ್ಲ.

ನಮ್ಮದು ಪಾರಾಯಣದ ಮನೆ. ತಂದೆಯವರು ಗ್ರಂಥವನ್ನು ಹಿಡಿದರೆ ಮಂಗಳದವರೆಗೆ ಇಳಿಸುತ್ತಿರಲಿಲ್ಲ. ಓದುವುದೆಂದರೆ ಮುಗಿಸುವುದೆಂದು ನಾನು ಬಾಲ್ಯದಲ್ಲೇ ನಂಬಿದ್ದೆ. ಕಾಲೇಜು ಸೇರಿ ಚರ್ಚಾಸ್ಪರ್ಧೆಗಳ ರುಚಿ ಹತ್ತಿದ ಮೇಲೆ ಆ ನಂಬಿಕೆಯೂ ಹೋಯಿತು. ಮುಗಿಸುವುದೇಕೆ? ಚಪ್ಪಾಳೆ ಬೀಳುವಂಥ ಒಂದು ವಾಕ್ಯ ಸಿಕ್ಕರೆ ಸಾಕು. ಪುಸ್ತಕದಿಂದ ನನಗೆ ಬರಬೇಕಾದದ್ದು ಬಂದಂತೆಯೇ. ಪರರ ತೋಟದಲ್ಲಿ ಹೂವು ಕಿತ್ತುಕೊಂಡು, ಗಿಡದ ಹೆಸರನ್ನೂ ಕೇಳದೆ ಬೇಲಿ ಹಾರುವವನ ಓದು ಅದು. ಆದರೂ ಊರಿನಲ್ಲಿ ನನಗೆ ಬಹಳ ಓದಿದವನೆಂಬ ಹೆಸರಿತ್ತು. ಆ ಹೆಸರನ್ನು ನಾನು ವಿರೋಧಿಸಿದ್ದು ನೆನಪಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅರ್ಥಶಾಸ್ತ್ರದ ಮುಖ್ಯ ಪಠ್ಯದ ಪ್ರತಿ ಇದ್ದದ್ದು ಒಂದೇ. ಅದು ಇಂಗ್ಲಿಷಿನಲ್ಲಿತ್ತು. ವರ್ಷವಿಡೀ ಕೈಯಿಂದ ಕೈಗೆ ತಿರುಗಿ ಅದರ ಹೊಲಿಗೆ ಬಿಚ್ಚಿ, ನಾಲ್ಕು ಭಾಗಗಳಾಗಿ ಹೋಗಿತ್ತು. ಓದಿನ ರಜೆಗೆ ಊರಿಗೆ ಹೊರಟ ನಾವು ನಾಲ್ವರು ಅದನ್ನು ಕೇಳಲು ಹೋದಾಗ, ಗ್ರಂಥಪಾಲಕರು ಅದೇ ವಾಸನೆಯ ಅಂಟಿನ ಡಬ್ಬಿಯನ್ನು ಬದಿಗಿಟ್ಟು ನಮ್ಮನ್ನು ಎಣಿಸಿದರು.

"ಪುಸ್ತಕಾನೂ ನಾಕು ತುಂಡು ಆಗೇದ, ನೀವೂ ನಾಕು ಮಂದಿ ಇದ್ದೀರಿ. ಒಯ್ದು ಹಂಚಕೊಂಡು ಓದ್ರಿ, ಬೈಂಡಿಂಗ್ ಆಮ್ಯಾಲ ಮಾಡ್ತೇನಿ. ಆದ್ರ ನಾಕೂ ತುಂಡು ಕೂಡೇ ಬರಬೇಕು. ಒಂದು ಕಡಿಮಿ ಬಂತಂದ್ರ ನಿಮ್ಮ ಹೊಲಿಗೀನೂ ಬಿಚ್ಚತೇನಿ!"

ಮೊದಲ ಭಾಗ ಹಂಸಭಾವಿಯ ಗಿರಿಜೆಗೆ, ಎರಡನೆಯದು ಸವಣೂರಿನ ಖಾದರನಿಗೆ, ಮೂರನೆಯದು ನನಗೆ, ಕೊನೆಯದು ಹಾನಗಲ್ಲಿನ ಹನುಮಂತನಿಗೆ. ವಾರವಿಡೀ ಅವರವರ ಊರಿನಲ್ಲಿ ಓದುವುದು. ಭಾನುವಾರ ಬಂಕಾಪುರದಲ್ಲಿ ಗಿರಿಜೆಯ ಸೋದರತ್ತೆಯ ಮನೆಯ ಕಟ್ಟೆಯ ಮೇಲೆ ಕೂಡಿ, ಓದಿದ್ದನ್ನು ಉಳಿದವರಿಗೆ ಹೇಳಿ, ಭಾಗಗಳನ್ನು ಬದಲಿಸಿಕೊಳ್ಳುವುದು. ಇದು ನಮ್ಮ ಒಪ್ಪಂದ.

ನಮ್ಮ ಮೂವರಿಗೆ ಅದು ಪರೀಕ್ಷೆ ಮಾತ್ರ, ಗಿರಿಜೆಗೆ ಹಾಗಲ್ಲ. ಅವಳು ಈ ವಿಷಯದಲ್ಲಿ ಒಮ್ಮೆ ನಪಾಸಾಗಿದ್ದಳು. ಅವಳದು ಸಣ್ಣ ಹಿಡುವಳಿಯ ರೈತರ ಮನೆ. ಈ ಸಲವೂ ಪಾಸಾಗದಿದ್ದರೆ ಪುಸ್ತಕ ಕಟ್ಟಿಟ್ಟು ಹೊಲಕ್ಕೆ ಬರಬೇಕೆಂದು ಅವಳ ಅಣ್ಣ ಹೇಳಿಬಿಟ್ಟಿದ್ದ. ಅವಳಿಗೋ ಶಿಕ್ಷಕಿಯಾಗುವ ಹಂಬಲ.

ಮೊದಲ ಭಾನುವಾರ ಅತ್ತೆ ಕಟ್ಟೆಯ ಒಂದು ತುದಿಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ಕಾಯುವುದೂ ಅವರ ಕೆಲಸವಾಗಿತ್ತೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಖಾದರನ ಭಾಗಕ್ಕೆ ಆಗಲೇ ಅವನ ಮನೆಯವರ ಅಂಗಡಿಯ ಹಸಿ ವೀಳ್ಯದೆಲೆಯ ವಾಸನೆ ಹತ್ತಿತ್ತು. ಹನುಮಂತ ಪ್ರತಿ ಶಬ್ದಕ್ಕೂ ನಿಘಂಟು ತೆರೆಯುವವನು. ವಾಕ್ಯದ ಕೊನೆಯ ಶಬ್ದ ತಿಳಿಯುವಷ್ಟರಲ್ಲಿ ಮೊದಲಿನದು ಮರೆತಿರುತ್ತಿತ್ತು. ಅವರಿಬ್ಬರೂ ತಡವರಿಸಿದ ಮೇಲೆ ನನ್ನ ಸರದಿ ಬಂತು. ನನ್ನ ಭಾಗದಲ್ಲಿ ಕೃಷಿ ಮಾರುಕಟ್ಟೆಯ ಅಧ್ಯಾಯವಿತ್ತು. ನಾನು ಎದ್ದು ನಿಂತೆ. ರೈತನ ಬೆವರನ್ನು ದಲಾಲರು ಹೇಗೆ ಹೀರುತ್ತಾರೆಂದೂ, ಅವರನ್ನು ನಿರ್ಮೂಲ ಮಾಡದೆ ಈ ನಾಡಿಗೆ ಮುಕ್ತಿಯಿಲ್ಲವೆಂದೂ ಕೈ ಬೀಸಿ ಬೀಸಿ ಸಾರಿದೆ. ಊರಿನ ಹಳೆಯ ಕೋಟೆಯ ಕಡೆಯಿಂದ ಒಂದು ನವಿಲು ಕೂಗಿತು. ಖಾದರ ಚಪ್ಪಾಳೆ ತಟ್ಟಿದ. "ನವಿಲೂ ಒಪ್ಪೇತಲೇ ಆಚಾರಿ!" ಪಾರಾಯಣದ ಮನೆಯವನೆಂದು ಅವನು ನನ್ನನ್ನು ಕರೆಯುತ್ತಿದ್ದುದು ಹಾಗೆ.

ಗಿರಿಜೆ ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿದಳು. "ಇದು ನೀವು ಅನ್ನೂದೋ, ಪುಸ್ತಕ ಅನ್ನೂದೋ?"

"ಎರಡೂ ಒಂದೇ ಅಲ್ಲೇನ್ರಿ?"

"ಹೆಂಗ ಒಂದ ಆಗ್ತಾವ್ರಿ? ಹ್ವಾದ ವರ್ಷ ನಾ ಮಂದಿ ಹೇಳಿದ್ದನ್ನ ಉರು ಹೊಡದು ಬರದ್ನಿ, ಪುಸ್ತಕ ತಗದು ನೋಡಲಿಲ್ಲ. ಈ ಸಲ ನಿಮ್ಮ ಭಾಷಣ ಬರದು ಬಂದ್ರ ಅಣ್ಣ ನನ್ನ ಕೈಯಾಗ ಕುಡಗೋಲು ಕೊಡ್ತಾನ. ತೋರಸ್ರಿ, ಎಲ್ಲೈತಿ?"

ನಾನು ಗಂಭೀರವಾಗಿ ಪುಟ ತೋರಿಸಿದೆ. ದಲಾಲರ ಮೇಲಿನ ಆರೋಪಗಳೆಲ್ಲ ಅಲ್ಲಿದ್ದವು. ಅವಳು ನಿಧಾನವಾಗಿ ಓದಿ, ಪುಟ ತಿರುವಿದಳು. ನಾನು ತಿರುವಿರಲಿಲ್ಲ, ಚಪ್ಪಾಳೆಯ ವಾಕ್ಯ ಸಿಕ್ಕ ಮೇಲೆ ಪುಟ ತಿರುವುವ ಅಭ್ಯಾಸ ನನಗಿರಲಿಲ್ಲ. ಮರುಪುಟದಲ್ಲಿ ಲೇಖಕರು ಬೇರೆಯೇ ಪ್ರಶ್ನೆ ಎತ್ತಿದ್ದರು: ಮಾಲು ಕೂಡಿಡುವ, ಅಡಚಣೆಯಲ್ಲಿ ಸಾಲ ಕೊಡುವ ಕೆಲಸವನ್ನೂ ದಲಾಲನೇ ಮಾಡುತ್ತಿರುವಾಗ, ಬದಲಿ ವ್ಯವಸ್ಥೆಯಿಲ್ಲದೆ ಅವನನ್ನು ತೆಗೆದರೆ ರೈತ ಯಾರ ಬಾಗಿಲಿಗೆ ಹೋಗಬೇಕು?

ಅತ್ತೆಯ ಮೊರ ನಿಂತಿತು. "ತಮ್ಮಾ," ಎಂದರು ಅತ್ತೆ, "ಅರ್ಧಾ ಜ್ವಾಳ ಹಸನ ಮಾಡಿ ರೊಟ್ಟಿ ಬಡದ್ರ ಹಲ್ಲಾಗ ಕಲ್ಲು ಹಳ್ಳ ಬರ್ತಾವ ನೋಡು."

ಅಂದು ಗಿರಿಜೆ ಒಂದು ನಿಯಮ ಮಾಡಿದಳು. ಹೇಳುವವರು ತಮ್ಮ ಭಾಗದ ಮೇಲೆ ಬಲಗೈ ಊರಿಕೊಂಡು ಕೂಡಬೇಕು. ಕೈ ಪುಸ್ತಕದ ಮೇಲಿರುವವರೆಗೆ ಪುಸ್ತಕದ ಮಾತು ಮಾತ್ರ; ಸ್ವಂತದ ಮಾತು ಬಂದರೆ ಕೈ ಎತ್ತಬೇಕು. ಅವಳು ಬರೆದುಕೊಳ್ಳುವುದು ಕೈ ಇಳಿದಿದ್ದಾಗ ಮಾತ್ರ. ಕೈ ಬೀಸದೆ ಮಾತನಾಡಿ ಗೊತ್ತಿಲ್ಲದ ನನಗೆ ಇದು ಎಂಥ ಶಿಕ್ಷೆಯೆಂದು ನೀವೇ ಊಹಿಸಿಕೊಳ್ಳಿ! ಅತ್ತೆಯ ಉತ್ಸಾಹವಂತೂ ಹೇಳತೀರದು. ಅರ್ಥಶಾಸ್ತ್ರದ ಅಕ್ಷರವನ್ನೂ ಅವರು ಬಲ್ಲವರಲ್ಲ, ಆದರೆ ನನ್ನ ದನಿ ಏರಿದೊಡನೆ "ಕೈ ಎತ್ತು ತಮ್ಮಾ, ಕೈ ಎತ್ತು! ಭಾಷಣ ಬಂತು!" ಎಂದು ಕೂಗುತ್ತಿದ್ದರು. ಒಮ್ಮೆಯೂ ಅವರ ಅಂದಾಜು ತಪ್ಪಲಿಲ್ಲ.

ಮನೆಗೆ ಬಂದು ಓದುವಾಗಲೂ ಅವರ ಕೂಗು ಕೇಳಿಸುತ್ತಿತ್ತು. ಭಾನುವಾರ ಹೇಳಬೇಕಲ್ಲ ಎಂಬ ಹೆದರಿಕೆಯಿಂದ ಪ್ರತಿ ಪುಟದ ಕೊನೆಗೆ ನಿಂತು, ಪುಸ್ತಕ ಮುಚ್ಚಿ, ಲೇಖಕರು ಹೇಳಿದ್ದೇನೆಂದು ಗೋಡೆಗೆ ಹೇಳತೊಡಗಿದೆ. ಹೇಳಲಾಗದಿದ್ದರೆ ಮರಳಿ ಓದಿದೆ. ಸಿಟ್ಟು ಬಂದ ಸ್ಥಳದಲ್ಲಿ ನಿಲ್ಲದೆ ಪುಟ ತಿರುವುವುದನ್ನು ಕಲಿತೆ. ಹನುಮಂತನು ಪುಟವನ್ನೆಲ್ಲ ಒಮ್ಮೆ ಓದಿದ ಮೇಲಷ್ಟೇ ನಿಘಂಟು ತೆಗೆಯಲು ಒಪ್ಪಿದ. ಅರ್ಧಕ್ಕರ್ಧ ಶಬ್ದಗಳು ತಾವಾಗಿಯೇ ಅರ್ಥ ಬಿಟ್ಟುಕೊಟ್ಟವೆಂದು ಅವನಿಗೆ ಪರಮಾಶ್ಚರ್ಯ. ಖಾದರನಿಗೆ ಮಾತ್ರ ಎಲೆ ಅಡಿಕೆ ಹಾಕಿಕೊಳ್ಳಲು ಕೈ ಎತ್ತಲೇಬೇಕಾಗುತ್ತಿತ್ತು. "ಇದು ಸ್ವಂತದ ಎಲಿರೀ, ಲೇಖಕರದಲ್ಲ" ಎಂದು ಅವನು ಪ್ರತಿ ಸಲ ಘೋಷಿಸುತ್ತಿದ್ದ.

ನಾಲ್ಕೂ ತುಂಡುಗಳು ಕೂಡಿಯೇ ಮರಳಿದವು. ನಮ್ಮ ಹೊಲಿಗೆ ಉಳಿಯಿತು. ಪರೀಕ್ಷೆಯಲ್ಲಿ ಕೃಷಿ ಮಾರುಕಟ್ಟೆಯ ಪ್ರಶ್ನೆಯೂ ಬಂತು. ಗಿರಿಜೆ ಪಾಸಾದಳು, ಮುಂದೆ ತನ್ನ ಹಿರೇಕೆರೂರು ತಾಲೂಕಿನಲ್ಲೇ ಶಿಕ್ಷಕಿಯಾದಳು. ಫಲಿತಾಂಶ ತಿಳಿದ ದಿನ ಅತ್ತೆ ಹನುಮಂತನ ಕೂಡ ನನಗೊಂದು ಮಾತು ಹೇಳಿ ಕಳುಹಿಸಿದ್ದರು: "ಆ ಭಾಷಣದ ತಮ್ಮಗ ಹೇಳು, ಇನ್ನ ಕೈ ಎತ್ತಾಕ ಅಡ್ಡಿಯಿಲ್ಲ ಅಂತ."

ಅಪ್ಪಣೆ ದೊರೆತದ್ದೇ ತಡ, ನಾನು ಕೈ ಎತ್ತಿದೆ. ಆ ಮೇಲೆ ಎಷ್ಟೋ ವೇದಿಕೆಗಳನ್ನು ಹತ್ತಿದೆ, ಎಷ್ಟೋ ಅನಿಷ್ಟಗಳ ವಿರುದ್ಧ ಗುಡುಗಿದೆ. ಎತ್ತಿದ ಕೈಯನ್ನು ಮತ್ತೆ ಇಳಿಸಿದ್ದೇನೆಯೇ ಎಂಬ ಸಂದೇಹ ಬಂದದ್ದು ಮೊನ್ನೆ, ಮುದ್ರಣಾಲಯದ ಹೊಸ್ತಿಲಲ್ಲಿ.

"ಬರ್ರಿ, ಬರ್ರಿ," ಎಂದರು ಮಾಲೀಕರು. "ಕೊಡ್ರಿ ನಿಮ್ಮ ಉತ್ತರಾ. ಇವತ್ತ ಅಚ್ಚಿನ ಮೊಳಿ ಜೋಡಿಸೇ ಬಿಡ್ತೇನಿ."

"ಸ್ವಲ್ಪ ತಡೀರಿ. ಇನ್ನೂ ಅರ್ಧಾ ಉಳದದ."

"ಮುಗದದ ಅಂದಿದ್ರಲ್ಲಾ?"

"ಬರಿಯೋದು ಮುಗದದರಿ. ಓದೋದು ಉಳದದ."

ಅವರು ನನ್ನನ್ನು ಒಂದು ಬಗೆಯಾಗಿ ನೋಡಿ, ಚಹಾ ಹೇಳಿದರು. ನಾನು ಮರದ ಬಾಕಿನ ಮೇಲೆ ಕುಳಿತು, ಹೊತ್ತಗೆಯನ್ನು ತೊಡೆಯ ಮೇಲಿಟ್ಟು, ಬಲಗೈ ಊರಿ, ಸಿಟ್ಟು ಬಂದಿದ್ದ ಪುಟವನ್ನು ತಿರುವಿದೆ. ಅಧ್ಯಾಪಕರು ಕೇಳಿದ್ದರು: ಸಾಮೂಹಿಕ ವಿವಾಹದಲ್ಲಿ ಅಕ್ಷತೆ ಹಾಕಿದವರು ಮರುವರ್ಷ ಆ ವಧುಗಳ ಮನೆಗೆ ಹೋಗಿ, ಹೇಗಿದ್ದೀಯಮ್ಮಾ ಎಂದು ವಿಚಾರಿಸಿದ್ದುಂಟೇ? ನಾನು ಎಷ್ಟೋ ಚಪ್ಪರಗಳಲ್ಲಿ ಅಕ್ಷತೆ ಹಾಕಿದವನು. ಒಂದು ಮನೆಗೂ ಹೋಗಿರಲಿಲ್ಲ. ಅವರ ಉಳಿದ ಮಾತುಗಳಿಗೆ ನನ್ನಲ್ಲಿ ಉತ್ತರವಿದೆ, ಕೊಟ್ಟೇ ಕೊಡುತ್ತೇನೆ. ಆದರೆ ಈ ಪ್ರಶ್ನೆಗೆ ಬರೆಯುವ ಉತ್ತರವಿಲ್ಲ, ಹೋಗಿ ಬರುವುದೊಂದೇ ದಾರಿ.

ಚಹಾ ಬಂತು. ಎರಡು ಪುಟ ಇನ್ನೂ ಬಾಕಿಯಿದ್ದವು. ಎಡಗೈಯಲ್ಲಿ ಲೋಟ ಹಿಡಿದದ್ದನ್ನು ಕಂಡಿದ್ದರೆ ತಂದೆಯವರು ಮನೆಯೊಳಗೆ ಬಿಡುತ್ತಿರಲಿಲ್ಲ. ಏನು ಮಾಡಲಿ? ಎಡಗೈಯಿಂದಲೇ ಕುಡಿದೆ.